ಚಿಕ್ಕಮಗಳೂರಿನ ಬೆಟ್ಟಗಳಿಗೆ ಚಾರಣ ಹೋಗುವಾಗ ಜೇಬಿನಲ್ಲಿ ಹಿಡಿಯುವ ತುರ್ತು ಕಿಟ್‌ಗೆ ಏನೇನು ಹಾಕಬೇಕು?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ದಾರಿ ತಪ್ಪಿ ಒಂದು ರಾತ್ರಿ ಹೊರಗೇ ಕಳೆಯಬೇಕಾದರೆ ಏನು ಬೇಕು? ನಮ್ಮ ಕಡೆ ಹಸಿವಿಗಿಂತ ಚಳಿ, ಮಳೆ, ಮಂಜಿನ ಕಾಟವೇ ಜಾಸ್ತಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿರುವವರೂ ಕಾಣುವುದಿಲ್ಲ.

ಹಾಗಾಗಿ ಮೊದಲು ಸೀಟಿ. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿಗೆ ಆ ಕಷ್ಟ ಇಲ್ಲ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಸಹಾಯ ಬೇಕು ಅನ್ನುವುದಕ್ಕೆ ಹಲವು ಕಡೆ ಬಳಸುವ ಸಂಜ್ಞೆ ಇದು. ಆಮೇಲೆ ಮಡಚಿದರೆ ಅಂಗೈಯಷ್ಟಾಗುವ ಬೆಳ್ಳಿ ಬಣ್ಣದ ಎಮರ್ಜೆನ್ಸಿ ಹೊದಿಕೆ, ದೊಡ್ಡ ಪ್ಲಾಸ್ಟಿಕ್ ಚೀಲ, ಪುಟ್ಟ ಟಾರ್ಚ್. ಟಾರ್ಚಿನ ಸೆಲ್ ಒಂದನ್ನು ತಿರುಗಿಸಿ ಹಾಕಿಡಿ, ಚೀಲದೊಳಗೆ ತಾನಾಗಿ ಹೊತ್ತಿಕೊಂಡು ಮುಗಿದುಹೋಗುವುದಿಲ್ಲ.

ಬೆಂಕಿಪೊಟ್ಟಣ ಮಲೆನಾಡಿನ ತೇವಕ್ಕೆ ಮೆತ್ತಗಾಗಿಬಿಡುತ್ತದೆ. ಲೈಟರ್ ಇಡಿ, ಆದರೆ ಬೇಸಿಗೆಯ ಒಣ ಹುಲ್ಲಿನಲ್ಲಿ ಬೆಂಕಿ ಸಹವಾಸ ಬೇಡವೇ ಬೇಡ.

ಮಳೆಗಾಲದಲ್ಲಿ ಒಂದು ಹಿಡಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳಿ. ಇಂಬಳ (ಜಿಗಣೆ) ಹತ್ತಿದಾಗ ಅದನ್ನೇ ಮುಟ್ಟಿಸಿದರೆ ಉದುರುತ್ತದೆ. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಹೆದರಬೇಡಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಅಷ್ಟೇ. ತೊಳೆದು, ಹತ್ತಿ ಒತ್ತಿ ಹಿಡಿದು ಬ್ಯಾಂಡೇಜ್ ಸುತ್ತಿ.

ಉಳಿದದ್ದು ಒಆರ್‌ಎಸ್, ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ, ಚಿಕ್ಕ ಚಾಕು, ನಿಮ್ಮ ದಿನದ ಮಾತ್ರೆ, ಎರಡು ಕಡಲೆಮಿಠಾಯಿ. ಮೀನು ಗಾಳ, ತಂತಿ ಗರಗಸ ಎಲ್ಲ ಸುಮ್ನೆ ಭಾರ. ನಾನೂ ಒಮ್ಮೆ ಕೊಂಡಿದ್ದೆ. ಗರಗಸ ಈಗ ಹಿತ್ತಲಲ್ಲಿ ತೆಂಗಿನಗರಿ ಕೊಯ್ಯುತ್ತಿದೆ.