ಶನಿವಾರ ಸಂಜೆ ಎಲ್ಲಿರ್ತೀರಿ ಅಂತ ಕೇಳಿದಿರಲ್ಲ

ನೀವು ಬರೆದದ್ದು ಓದಿದೆ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮಾಸ್ಟರ್ಸ್ ಸೇರಿದ್ದೀರಿ. ರೂಮು ಸಿಕ್ಕಿದೆ, ತೊಗರಿಬೇಳೆ ಸಿಗುವ ಅಂಗಡಿ ಗೊತ್ತಾಗಿದೆ. ಆದರೆ ಶುಕ್ರವಾರ ಕ್ಲಾಸು ಮುಗಿದರೆ ಸೋಮವಾರದ ತನಕ ಬಾಯಿ ಬಿಟ್ಟು ಮಾತಾಡುವುದೇ ಇಲ್ಲ ಅಂದಿದ್ದೀರಿ. ದೀಪಾವಳಿ ಕಾರ್ಯಕ್ರಮದಲ್ಲಿ ಸಿಕ್ಕಾಗಲೂ ಇದನ್ನೇ ಕೇಳಿದಿರಿ: "ಇಷ್ಟು ವರ್ಷ ಇಲ್ಲಿ ಹೇಗೆ ಇದ್ದಿರಿ? ಶನಿವಾರ ಸಂಜೆ ಎಲ್ಲಿರ್ತೀರಿ?" ಬ್ರ್ಯಾಡ್‌ಫರ್ಡಿನಲ್ಲಿ, ಪಂಕ್ ಬ್ಯಾಂಡುಗಳ ಜೊತೆ, ಗದ್ದಲದ ರಾಕ್ ಹಾಡುವವರ ಜೊತೆ ಅಂದೆ. ನೀವು ನಕ್ಕಿರಿ. ಅಲ್ಲಿ ಗದ್ದಲ ಜಾಸ್ತಿ ಇತ್ತು, ಬಿಡಿಸಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ನನ್ನ ಊರು ಸಾಗರದ ಹತ್ತಿರ. ಇಲ್ಲಿಗೆ ಬಂದದ್ದು 2008ರಲ್ಲಿ. ಹಾಡಿನ ಹುಚ್ಚು ಮೊದಲೇ ಇತ್ತು. 2007ರ ಮಾರ್ಚಿನಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಆ ಧೂಳಿನಲ್ಲಿ ನಿಂತಿದ್ದೆ. ಇಂಗ್ಲೆಂಡ್ ಅಂದರೆ ಅಂಥದ್ದೇ ದೊಡ್ಡ ವೇದಿಕೆ ಅಂದುಕೊಂಡು ಬಂದೆ. ಮೊದಲ ಚಳಿಗಾಲ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ, ಈಗ ನೀವೇ ನೋಡುತ್ತಿದ್ದೀರಿ. ಡಿಸೆಂಬರಿನಲ್ಲಿ ಇಲ್ಲಿ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆಫೀಸಿನಿಂದ ಹೊರಬಂದಾಗ ಕತ್ತಲು, ಮನೆಗೆ ಬಂದರೆ ಹೀಟರಿನ ಸದ್ದು. ಫೋನಿನಲ್ಲಿ ಅಮ್ಮನಿಗೆ "ಚೆನ್ನಾಗಿದ್ದೇನೆ" ಅಂತ ಹೇಳಿ ಇಟ್ಟ ಮೇಲೆ ಇಡೀ ಸಂಜೆ ಹಾಗೇ ಉಳಿಯುತ್ತಿತ್ತು.

ಆಫೀಸಿನಲ್ಲಿ ಒಬ್ಬ ಹುಡುಗ ನನ್ನ ಮೇಡನ್ ಟೀ ಶರ್ಟ್ ನೋಡಿ, ಶನಿವಾರ ಬಾ ಅಂದ. ಲೀಡ್ಸ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. ಬ್ರ್ಯಾಡ್‌ಫರ್ಡಿನ ಆಲ್ಬಿಯನ್ ಸ್ಟ್ರೀಟಿನಲ್ಲಿರುವ ಒನ್ ಇನ್ ಟ್ವೆಲ್ವ್ ಕ್ಲಬ್, ಬ್ಯಾಂಡುಗಳು ಬಂದು ನುಡಿಸುವ ಜಾಗ. ಹೆಸರಿಗೊಂದು ಕಥೆ ಇದೆ. 1981ರಲ್ಲಿ ಸರ್ಕಾರದ ವರದಿಯೊಂದು, ನಿರುದ್ಯೋಗ ಭತ್ಯೆ ಪಡೆಯುವ ಹನ್ನೆರಡು ಜನರಲ್ಲಿ ಒಬ್ಬರು ಮೋಸಗಾರರು ಅಂತ ಹೇಳಿತ್ತು. ಕೆಲಸ ಇಲ್ಲದ ಅಲ್ಲಿನ ಜನ ಆ ಬೈಗುಳವನ್ನೇ ತಮ್ಮ ಹೆಸರು ಮಾಡಿಕೊಂಡರು. 1988ರಲ್ಲಿ ಸ್ವಂತ ಕಟ್ಟಡವನ್ನೂ ಮಾಡಿಕೊಂಡರು. ಅಲ್ಲಿ ಮಾಲೀಕ ಅಂತ ಯಾರೂ ಇಲ್ಲ, ಸದಸ್ಯರೇ ಕೂತು ಎಲ್ಲ ತೀರ್ಮಾನ ಮಾಡುತ್ತಾರೆ. ಗುಡಿಸುವುದೂ ಅವರೇ.

ನಾನು ಒಳಗೆ ಹೋಗಿ ಗೋಡೆಗೆ ಒರಗಿ ನಿಂತಿದ್ದೆ. ಯಾರ ಪರಿಚಯವೂ ಇಲ್ಲ. ಆಗ ಒಬ್ಬಳು ಬಂದು, "ಹತ್ತು ನಿಮಿಷ ಬಾಗಿಲಲ್ಲಿ ಕೂತ್ಕೊಳ್ತೀಯಾ? ನಾನು ಊಟ ಮಾಡಿ ಬರ್ತೀನಿ" ಅಂದಳು. ಕೈಗೆ ಒಂದು ತಗಡಿನ ಡಬ್ಬ, ಒಂದು ರಬ್ಬರ್ ಸ್ಟ್ಯಾಂಪು ಕೊಟ್ಟು ಹೋದಳು. ಡಬ್ಬದಲ್ಲಿ ಆ ರಾತ್ರಿಯ ದುಡ್ಡು ಅಷ್ಟೂ ಇತ್ತು. ನನ್ನ ಹೆಸರನ್ನೂ ಕೇಳಿರಲಿಲ್ಲ. ನಾನು ಬಂದವರ ಕೈಗೆಲ್ಲ ಸ್ಟ್ಯಾಂಪು ಒತ್ತಿದೆ. ಒಬ್ಬೊಬ್ಬರೂ ಥ್ಯಾಂಕ್ಸ್ ಹೇಳಿ ಒಳಗೆ ಹೋದರು. ಈ ದೇಶಕ್ಕೆ ಬಂದ ಮೇಲೆ ಯಾರಾದರೂ ನನ್ನನ್ನು ಒಂದು ಕೆಲಸಕ್ಕೆ ನಂಬಿದ್ದು ಅದೇ ಮೊದಲು ಅನ್ನಿಸಿತು. ಸಂಬಳದ ಕೆಲಸ ಬೇರೆ ಮಾತು.

ಈಗ ಈ ಬ್ಯಾಂಡುಗಳು ಹೊರತರುವ ತೆಳ್ಳಗಿನ ರೆಕಾರ್ಡುಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ಬಂದರೆ ನೀವು ಮೊದಲು ನೋಡುವುದು ಅವನ್ನೇ. ಅರ್ಧಕ್ಕರ್ಧ ಸ್ಪ್ಲಿಟ್‌ಗಳು. ಅಂದರೆ ಒಂದು ರೆಕಾರ್ಡು, ಎರಡು ಬ್ಯಾಂಡು. ಈ ಮಗ್ಗುಲು ಒಬ್ಬರದು, ದೋಸೆ ಮಗುಚಿದ ಹಾಗೆ ಮಗುಚಿದರೆ ಇನ್ನೊಬ್ಬರದು. ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. 7 ಇಂಚಿನದು, ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ತಿರುಗುವುದು. ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷ ಹಿಡಿಸುತ್ತದೆ ಅಷ್ಟೇ. ಹಾರ್ಡ್‌ಕೋರ್ ಅಂದರೆ ಇನ್ನೂ ವೇಗದ, ಒರಟು ಪಂಕ್. ಆ ಬ್ಯಾಂಡಿಗೆ ಅಷ್ಟು ಧಾರಾಳವಾಯಿತು. ಒಂದೊಂದು ನಿಮಿಷದ ನಾಲ್ಕು ಹಾಡು, ಉಸಿರು ಬಿಡುವಷ್ಟರಲ್ಲಿ ಮುಗಿದುಹೋಗುತ್ತದೆ. ಆ ಕಡೆ ಸ್ಕ್ರೀಮೊ, ಅಂದರೆ ನೋವನ್ನು ಕಿರುಚಿ ಹಾಡುವ ಪಂಕ್ ಬ್ಯಾಂಡಿನದು ಒಂದೇ ಹಾಡು. ಗಿಟಾರು ಸೂರಿನ ನೀರಿನ ಹಾಗೆ ಹನಿಹನಿಯಾಗಿ ಶುರುವಾಗುತ್ತದೆ. ಹುಡುಗ ತನ್ನಷ್ಟಕ್ಕೆ ಮಾತಾಡುವ ಹಾಗೆ ಏನೋ ಹೇಳುತ್ತಾನೆ. ಎರಡನೇ ನಿಮಿಷಕ್ಕೆ ಡ್ರಮ್ಮು ಬಂದು ಎಲ್ಲ ಕಿತ್ತುಕೊಂಡು ಹೋಗುತ್ತದೆ, ಅವನು ಕಿರುಚುತ್ತಾನೆ. ಮೊದಲ ಸಲ ಕೇಳಿದವರಿಗೆ ಸಿಟ್ಟು ಅನ್ನಿಸುತ್ತದೆ. ಒಳಗಿರುವ ಸಾಹಿತ್ಯದ ಹಾಳೆ ಓದಿ. ತೀರಿಹೋದ ಅಪ್ಪನ ಅಂಗಿಯನ್ನು ಏನು ಮಾಡುವುದು ಅಂತ ಗೊತ್ತಾಗದೆ ಬೀರುವಿನ ಮುಂದೆ ನಿಂತವನ ಹಾಡು ಅದು.

ಈ ಹಂಚಿಕೊಳ್ಳುವ ಪದ್ಧತಿ ಇಲ್ಲಿ ಹಳೆಯದು. 1986ರಲ್ಲಿ ಇಪ್ಸ್‌ವಿಚ್‌ನ ಎಕ್ಸ್‌ಟ್ರೀಮ್ ನಾಯ್ಸ್ ಟೆರರ್, ಬ್ರಿಸ್ಟಲ್ಲಿನ ಕೇಯಾಸ್ ಯುಕೆ ಬ್ಯಾಂಡುಗಳು ಸೇರಿ ಒಂದು 12 ಇಂಚಿನ ದೊಡ್ಡ ರೆಕಾರ್ಡು, ಅಂದರೆ ಎಲ್‌ಪಿ ತಂದರು. ಮರುವರ್ಷ ನಾಟಿಂಗ್‌ಹ್ಯಾಮಿನ ಹೆರೆಸಿ ಬ್ಯಾಂಡು ಕಾಂಕ್ರೀಟ್ ಸಾಕ್ಸ್ ಜೊತೆ ಇನ್ನೊಂದು ತಂದಿತು. ಎರಡನ್ನೂ ಹೊರಡಿಸಿದ್ದು ಬ್ರಿಸ್ಟಲ್ಲಿನ ಮ್ಯಾನಿಕ್ ಇಯರ್ಸ್ ಅನ್ನುವ ಪುಟ್ಟ ಲೇಬಲ್, ಅಂದರೆ ರೆಕಾರ್ಡು ಹೊರತರುವ ಸಂಸ್ಥೆ. ಬರ್ಮಿಂಗ್‌ಹ್ಯಾಮಿನ ನೇಪಾಮ್ ಡೆತ್ ಹೆಸರು ನೀವು ಕೇಳಿರಬಹುದು. ಅವರ ಮೊದಲ ಎಲ್‌ಪಿ 'ಸ್ಕಮ್'ನ ಮೊದಲ ಮಗ್ಗುಲನ್ನು 1986ರಲ್ಲಿ ಸುಮಾರು 50 ಪೌಂಡ್ ಖರ್ಚಿನಲ್ಲಿ ರೆಕಾರ್ಡ್ ಮಾಡಿದ್ದೇ ಒಂದು ಸ್ಪ್ಲಿಟ್‌ಗಾಗಿ. ಅದು ನಡೆಯಲಿಲ್ಲ. 1987ರಲ್ಲಿ ಎರಡನೇ ಮಗ್ಗುಲು ಮಾಡುವ ಹೊತ್ತಿಗೆ ಡ್ರಮ್ಮು ಬಾರಿಸುವವನನ್ನು ಬಿಟ್ಟು ಬ್ಯಾಂಡಿನವರೆಲ್ಲ ಬದಲಾಗಿದ್ದರು. ಕೊನೆಗೂ ಅದು ಎರಡು ತಂಡ ಹಂಚಿಕೊಂಡ ರೆಕಾರ್ಡೇ ಆಯಿತು ಅಂತ ನಾನು ಅಂದುಕೊಳ್ಳುತ್ತೇನೆ. 1993ರಲ್ಲಿ ಬ್ರೈಟನ್ನಿನ ಹಗ್ಗಿ ಬೇರ್, ಅಮೆರಿಕದ ಬಿಕಿನಿ ಕಿಲ್ ಜೊತೆ ಒಂದು ಎಲ್‌ಪಿ ಹಂಚಿಕೊಂಡಿತು. ಹುಡುಗಿಯರು ಮುಂದೆ ನಿಂತು ಹಾಡಿದ ಕಾಲ ಅದು, ಇಲ್ಲಿನ ಹಳಬರು ಈಗಲೂ ಆ ಮಾತು ಎತ್ತಿದರೆ ಕಣ್ಣರಳಿಸುತ್ತಾರೆ.

ಸ್ಕ್ರೀಮೊ ಕಡೆ ಬಂದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದು ನಾಟಿಂಗ್‌ಹ್ಯಾಮಿನ ಬಾಬ್ ಟಿಲ್ಟನ್. ಅವರ 'ಕ್ರೆಸೆಂಟ್' ಅನ್ನುವ ರೆಕಾರ್ಡು ಬಂದದ್ದು 1996ರಲ್ಲಿ. ನಾನು ಕೇಳುವ ಹೊತ್ತಿಗೆ ಹನ್ನೆರಡು ವರ್ಷ ಹಳೆಯದು. ಒಂದು ಮಳೆಯ ರಾತ್ರಿ ಬಸ್ಸಿನ ಮೇಲಿನ ಮಹಡಿಯಲ್ಲಿ ಕೂತು ಕೇಳಿದೆ, ಇಳಿಯುವ ಸ್ಟಾಪು ಕಳೆದುಹೋಯಿತು. ಆಮೇಲಿನವರಲ್ಲಿ ಬ್ರಿಸ್ಟಲ್ಲಿನ ಸ್ವಾಲ್‌ಬಾರ್ಡ್ ಇದ್ದಾರೆ. 2014ರಲ್ಲಿ ಅವರು ಪಾರಿಸೊ ಅನ್ನುವ ಬ್ಯಾಂಡಿನ ಜೊತೆ ಒಂದು ರೆಕಾರ್ಡು ಹಂಚಿಕೊಂಡರು. ಅದನ್ನು ಕೇಳಿಯೇ ನಾನು ಅವರ ಹಿಂದೆ ಬಿದ್ದದ್ದು. 2018ರಲ್ಲಿ ಸಂಬಳ ಇಲ್ಲದೆ ದುಡಿಸಿಕೊಳ್ಳುವ ಇಂಟರ್ನ್‌ಶಿಪ್ ಬಗ್ಗೆಯೇ ಒಂದು ಹಾಡು ಮಾಡಿದರು. ನೀವು ಈ ವರ್ಷ ಕೆಲಸ ಹುಡುಕುತ್ತೀರಿ ಅಲ್ವಾ? ಹುಡುಕುವ ಮೊದಲು ಕೇಳಿ. ನಿಮ್ಮ ದುಡಿಮೆಗೆ ಬೆಲೆ ಇದೆ ಅಂತ ಇಲ್ಲಿನ ಹುಡುಗಿಯೊಬ್ಬಳು ಗಂಟಲು ಹರಿದುಕೊಂಡು ಹೇಳುವುದನ್ನು ಕೇಳಬೇಕು.

ನನಗೆ ಇದನ್ನೆಲ್ಲ ಅರ್ಥ ಮಾಡಿಕೊಳ್ಳಲು ಊರಿನದೇ ಲೆಕ್ಕ ಬೇಕಾಯಿತು. ನಮ್ಮ ಕಡೆ ಯಕ್ಷಗಾನದಲ್ಲಿ ಜೋಡಾಟ ಇದೆ. ಎರಡು ಮೇಳ, ಪಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಒಂದೇ ರಾತ್ರಿ. ಜನ ಯಾರ ಮುಂದೆ ಜಾಸ್ತಿ ಸೇರುತ್ತಾರೆ ಅಂತ ಹಟ. ಕೂಡಾಟವೂ ಇದೆ, ಅಲ್ಲಿ ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ ಕೂಡಿ ಆಡುತ್ತಾರೆ. ಸ್ಪ್ಲಿಟ್ ರೆಕಾರ್ಡು ಇವೆರಡರ ನಡುವೆ ಇದೆ. ರಂಗಸ್ಥಳ ಬೇರೆ ಬೇರೆ, ಹಟ ಇಲ್ಲ. ಒಬ್ಬರಿಗಾಗಿ ರೆಕಾರ್ಡು ಕೊಂಡವರು ಮಗುಚಿ ಹಾಕಿ ಇನ್ನೊಬ್ಬರನ್ನೂ ಕೇಳುತ್ತಾರೆ. ಯಾರೂ ತಮ್ಮ ಶ್ರುತಿ ಬದಲಿಸಿಕೊಳ್ಳಬೇಕಾಗಿಲ್ಲ. ಪರದೇಶದಲ್ಲಿ ಇವರ ಹಾಗೆ ಆಗಬೇಕಾ, ನಮ್ಮ ಹಾಗೇ ಇರಬೇಕಾ ಅಂತ ನೀವು ಬರೆದಿದ್ದಿರಿ. ನಾನೂ ಎರಡು ವರ್ಷ ಅದರಲ್ಲೇ ಒದ್ದಾಡಿದೆ. ಈ ಜನರ ನಡುವೆ ಕೂತ ಮೇಲೆ ಆ ಪ್ರಶ್ನೆ ನನ್ನನ್ನು ಬಿಟ್ಟುಹೋಯಿತು.

ದುಡ್ಡಿನ ಲೆಕ್ಕ ಮುಯ್ಯಾಳಿನದು. ನಾಟಿಗೆ ನಾನು ನಿನ್ನ ಗದ್ದೆಗೆ ಬರುತ್ತೇನೆ, ನೀನು ನನ್ನ ಗದ್ದೆಗೆ ಬಾ ಅಂತೀವಲ್ಲ, ಹಾಗೆ. ಲೀಡ್ಸ್ ಬ್ಯಾಂಡು ಬ್ರಿಸ್ಟಲ್ ಬ್ಯಾಂಡಿಗೆ ಇಲ್ಲಿ ಶೋ ಮಾಡಿಕೊಡುತ್ತದೆ, ಅವರು ಅಲ್ಲಿ ಮಾಡಿಕೊಡುತ್ತಾರೆ. ರೆಕಾರ್ಡು ಒತ್ತಿಸುವ ಖರ್ಚು ಅರ್ಧ ಅರ್ಧ. ಸಾಲದಿದ್ದರೆ ಮೂರು ನಾಲ್ಕು ಪುಟ್ಟ ಲೇಬಲ್‌ಗಳು ಕೈಸೇರಿಸಿ, ಇಷ್ಟಿಷ್ಟು ಪ್ರತಿ ಅಂತ ಹಂಚಿಕೊಳ್ಳುತ್ತವೆ. ಒತ್ತಿಸುವುದು ಹೆಚ್ಚಾಗಿ ಝೆಕ್ ದೇಶದಲ್ಲಿ. ಲೊಡೆನಿಟ್ಸೆ ಅನ್ನುವ ಊರಿನಲ್ಲಿ ಭಾರಿ ದೊಡ್ಡ ಕಾರ್ಖಾನೆ ಇದೆ. 2021ರಲ್ಲಿ ಬ್ರೆಕ್ಸಿಟ್ಟಿನ ಹೊಸ ವ್ಯಾಪಾರ ನಿಯಮ ಜಾರಿಯಾದ ಮೇಲೆ ಅಲ್ಲಿಂದ ಬರುವ ಪೆಟ್ಟಿಗೆಗೆ ಸುಂಕದ ಕಾಗದ, ತೆರಿಗೆ ಎಲ್ಲ ಶುರುವಾಯಿತು. ಜರ್ಮನಿಯ ಗೆಳೆಯರಿಗೆ ಒಂದು ರೆಕಾರ್ಡು ಕಳಿಸುವುದೂ ಕಷ್ಟವಾಯಿತು. ಒಳನಾಡಿಗೆ ಕಳಿಸುವುದಾದರೆ 7 ಇಂಚಿನದು ಅಂಚೆಯವರ ಲೆಕ್ಕದಲ್ಲಿ ಲಾರ್ಜ್ ಲೆಟರ್, ಅಂದರೆ ದೊಡ್ಡ ಪತ್ರ ಆಗಿ ಅಗ್ಗದಲ್ಲಿ ಹೋಗುತ್ತದೆ. 12 ಇಂಚಿನದು ಆ ಅಳತೆಗೆ ಹಿಡಿಯುವುದಿಲ್ಲ, ಪಾರ್ಸೆಲ್ಲೇ ಆಗಬೇಕು. ಚಿಕ್ಕ ರೆಕಾರ್ಡು ಇನ್ನೂ ಉಳಿದಿರುವುದಕ್ಕೆ ಅಂಚೆ ಕಚೇರಿಯ ಆ ಅಳತೆಪಟ್ಟಿಯೂ ಒಂದು ಕಾರಣ.

ನನ್ನ ಪಾಲಿನ ಕೆಲಸ ಅಡುಗೆ. ದೂರದಿಂದ ಬಂದ ಬ್ಯಾಂಡಿಗೆ ಊಟ, ಮಲಗಲು ಜಾಗ ಕೊಡುವುದು ಇಲ್ಲಿನ ಪದ್ಧತಿ. ಹಾಲು ತುಪ್ಪ ಮುಟ್ಟದವರೇ ಜಾಸ್ತಿ. ಹಾಗಾಗಿ ನಾನು ಎಣ್ಣೆ ಹಾಕಿಯೇ ಬಿಸಿಬೇಳೆಬಾತ್ ಮಾಡುತ್ತೇನೆ. ಹುಣಸೆಹಣ್ಣು ಸ್ವಲ್ಪ ಮುಂದೆ, ಶೇಂಗಾ ಧಾರಾಳ. ಎರಡು ಬ್ಯಾಂಡು ಅಂದರೆ ಒಂಬತ್ತು ಹತ್ತು ಜನ. ಒಮ್ಮೆ ಹೊಸ ಸ್ಪ್ಲಿಟ್‌ನ ಪೆಟ್ಟಿಗೆ ನಮ್ಮ ಮನೆಗೇ ಬಂತು, ಮುನ್ನೂರು ಪ್ರತಿ. ಕವರು ಬರೀ ಹಾಳೆ, ನಾವೇ ಮಡಚಬೇಕು. ಚಳಿಗೆ ಕಿಟಕಿ ಮುಚ್ಚಿ ಹತ್ತು ಜನ ನೆಲದ ಮೇಲೆ ಸಾಲಾಗಿ ಕೂತೆವು. ಒಬ್ಬ ಚಮಚದ ಬೆನ್ನಿನಿಂದ ಮಡಿಕೆ ತೀಡುತ್ತಾನೆ, ಒಬ್ಬಳು ಸಾಹಿತ್ಯದ ಹಾಳೆ ಇಡುತ್ತಾಳೆ, ಇನ್ನೊಬ್ಬ ಪೆನ್ಸಿಲ್ಲಿನಲ್ಲಿ ಸಂಖ್ಯೆ ಬರೆಯುತ್ತಾನೆ. ಮದುವೆಮನೆಯಲ್ಲಿ ವೀಳ್ಯದೆಲೆ ಕಟ್ಟುವಾಗಿನ ಹಾಗೆ ಮಾತು ಎತ್ತೆತ್ತಲೋ ಹೋಗುತ್ತಿತ್ತು. ನಡುವೆ ಒಬ್ಬಳು ಒಂದು ರೆಕಾರ್ಡು ಎತ್ತಿ ನನ್ನ ಕೈಗೆ ಕೊಟ್ಟು, ದೀಪಕ್ಕೆ ಓರೆಯಾಗಿ ಹಿಡಿ ಅಂದಳು. ರೆಕಾರ್ಡಿನ ನಡುವೆ ಅಂಟಿಸಿದ ಕಾಗದದ ಲೇಬಲ್ಲಿನ ಸುತ್ತ ಹಾಡು ಇಲ್ಲದ ನುಣುಪು ಜಾಗ ಇರುತ್ತದಲ್ಲ, ಅಲ್ಲಿ ಸೂಜಿಯಿಂದ ಏನಾದರೂ ಗೀಚಿಸುವುದು ವಾಡಿಕೆ. ಈ ಮಗ್ಗುಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಉಂಡು' ಅಂತ ಇತ್ತು. ಮಗುಚಿದೆ. ಆ ಕಡೆ 'ಹೋಗಿ'. ಅವರು ಹೊರಟು ನಿಂತಾಗಲೆಲ್ಲ ನಾನು ಅಂದದ್ದನ್ನು ಯಾರೋ ಕಿವಿಯಲ್ಲೇ ಹಿಡಿದುಕೊಂಡಿದ್ದರು. ನಾನು ಸ್ವಲ್ಪ ಹೊತ್ತು ಅಡುಗೆಮನೆಗೆ ಹೋಗಿ ನಿಂತೆ.

ಕಷ್ಟ ಇರಲಿಲ್ಲ ಅಂತ ಅಲ್ಲ. ಒಂದು ವರ್ಷ ನಾನಿದ್ದ ಕಂಪನಿ ಇದ್ದಕ್ಕಿದ್ದಂತೆ ಕೆಲಸದಿಂದ ತೆಗೆಯಿತು. ವೀಸಾ ಕೆಲಸಕ್ಕೇ ಕಟ್ಟಿದ್ದು. ನಿದ್ದೆ ಹೋಯಿತು. ಆಗ ಬಾಸ್ ಗಿಟಾರಿನ ಒಬ್ಬ ಗೆಳೆಯ ನನ್ನ ಜೊತೆ ಕೂತು ಪತ್ರಗಳನ್ನೆಲ್ಲ ಓದಿ, ಉಚಿತ ಸಲಹೆ ಕೊಡುವ ಕಡೆಗೆ ಕರೆದುಕೊಂಡು ಹೋದ. ಇನ್ನೊಬ್ಬಳು ತನ್ನ ಮನೆಯ ಮೇಲಿನ ಕೋಣೆ ಬಿಟ್ಟುಕೊಟ್ಟಳು. ಎರಡು ತಿಂಗಳೊಳಗೆ ಹೊಸ ಕೆಲಸ ಸಿಕ್ಕಿತು. ಬಾಡಿಗೆ ಎಷ್ಟು ಕೊಡಲಿ ಅಂದರೆ, ಬೇಳೆ ಮಾಡು ಸಾಕು ಅಂದಳು.

ಹಾಗಂತ ನೀವೂ ಇದನ್ನೇ ಇಷ್ಟಪಡಬೇಕು ಅಂತ ಏನಿಲ್ಲ. ನಿಮಗೆ ಭಾವಗೀತೆ ಇಷ್ಟ ಅಂದಿರಿ, ನಮ್ಮ ಸಂಘದಲ್ಲಿ ಚೆನ್ನಾಗಿ ಹಾಡುವವರಿದ್ದಾರೆ, ಖಂಡಿತ ಹೋಗಿ. ಆದರೆ ಒಂದು ಸಲ ಇಲ್ಲಿಗೂ ಬನ್ನಿ. ನೀವಿರುವ ಹೈಡ್ ಪಾರ್ಕಿನ ಹತ್ತಿರವೇ ಬ್ರೂಡನೆಲ್ ಸೋಶಿಯಲ್ ಕ್ಲಬ್ ಇದೆ, 1913ರ ಕಾಲದ್ದು, ಅಲ್ಲಿಂದಲೂ ಶುರು ಮಾಡಬಹುದು. ಕಿವಿಗೆ ಇಯರ್‌ಪ್ಲಗ್ ಇಲ್ಲದೆ ಒಳಗೆ ಹೋಗಬೇಡಿ, ಇದು ಗಟ್ಟಿ ಮಾತು. ನನ್ನ ಎಡಗಿವಿಯಲ್ಲಿ ಈಗಲೂ ರಾತ್ರಿ ಜೀರುಂಡೆ ಕೂಗುತ್ತದೆ. ಕುಡಿಯಲೇಬೇಕು ಅಂತ ಇಲ್ಲ, ಈ ಜನರಲ್ಲಿ ಮುಟ್ಟದವರು ಎಷ್ಟೋ ಇದ್ದಾರೆ. ದುಡ್ಡು ಕಮ್ಮಿ ಇದ್ದರೆ ಬಾಗಿಲಲ್ಲಿ ಸುಮ್ನೆ ಹೇಳಿ, ಕೈಲಾದಷ್ಟು ಕೊಟ್ಟು ಒಳಗೆ ಬನ್ನಿ ಅಂತಾರೆ. ಮೂಲೆಯಲ್ಲಿ ನಿಂತು ಫೋನು ನೋಡಬೇಡಿ. ಶೋ ಮುಗಿದ ಮೇಲೆ ಕುರ್ಚಿ ಎತ್ತಿಡಲು, ಸ್ಪೀಕರು ವ್ಯಾನಿಗೆ ಹಾಕಲು ಜನ ಬೇಕಾಗುತ್ತದೆ. ಒಂದು ಕಡೆ ಕೈ ಹಾಕಿ. ಹೆಸರು ಕೇಳುವುದು ಆಮೇಲೆ.

ಮುಂದಿನ ಶನಿವಾರ ಎರಡು ಬ್ಯಾಂಡು ಬರುತ್ತಿವೆ, ಒಂದು ಗ್ಲಾಸ್ಗೋದಿಂದ. ಅಡುಗೆ ಮೂರು ಗಂಟೆಗೆ ಶುರು ಮಾಡುತ್ತೇನೆ, ಈರುಳ್ಳಿ ಹೆಚ್ಚಲು ಒಬ್ಬರು ಬೇಕು. ನಿಮ್ಮ ಅಮ್ಮ ಕಳಿಸಿದ ಹುಳಿಪುಡಿ ಇದೆ ಅಂದಿದ್ದಿರಲ್ಲ, ನಾಲ್ಕು ಚಮಚ ತನ್ನಿ. ಹಾಗೇ ಒಂದು ದೊಡ್ಡ ಸೌಟು. ನನ್ನದು ಹೋದ ವಾರ ಮುರಿಯಿತು.