ಕಾಯ್ಲ್‌ಓವರ್: ನಮ್ಮ ಕರಾವಳಿಗೆ ಯಾವುದು?

ಪ್ರಶ್ನೆ: ಪೋಲೊ ಜಿಟಿ ಕಾರಿಗೆ ಕಾಯ್ಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಸಸ್ಪೆನ್ಷನ್) ಹಾಕಿಸಬೇಕೆಂದಿದ್ದೇನೆ. ದಿನವೂ ಉಡುಪಿ–ಮಂಗಳೂರು ಓಡಾಟ, ಆಗಾಗ ಆಗುಂಬೆ ಘಾಟಿ. ಎತ್ತರ ಮಾತ್ರ ಹೊಂದಿಸುವ ಕಿಟ್ ಸಾಕೇ, ಡ್ಯಾಂಪಿಂಗ್ (ಸ್ಪ್ರಿಂಗಿನ ಕುಲುಕಾಟ ತಡೆಯುವ ಬಿಗಿ) ಹೊಂದಿಸುವುದೂ ಬೇಕೇ?
– ಓದುಗರು, ಉಡುಪಿ

ಉತ್ತರ: ಡ್ಯಾಂಪಿಂಗ್ ಹೊಂದಿಸುವಂಥದ್ದೇ ತೆಗೆದುಕೊಳ್ಳಿ, ಹೆದ್ದಾರಿಗೂ ಘಾಟಿಗೂ ಒಂದೇ ಸೆಟ್ಟಿಂಗ್ ಹೊಂದುವುದಿಲ್ಲ. ಆದರೆ 32 ಕ್ಲಿಕ್ (ಡ್ಯಾಂಪಿಂಗ್ ಹೊಂದಿಸುವ ಹಂತ) ಎಂಬ ಜಾಹೀರಾತಿಗೆ ಮರುಳಾಗಬೇಡಿ, ಮೊದಲು ಸ್ಪ್ರಿಂಗ್ ರೇಟ್ (ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು ಬೇಕಾದ ಭಾರ) ಕೇಳಿ. ಮುಂಬದಿಯಲ್ಲಿ ಮಿಲಿಮೀಟರಿಗೆ 4–5 ಕೆಜಿ ದಾಟಿದರೆ ದಿನದ ಓಡಾಟಕ್ಕೆ ಗಡುಸು. ಮುಂಬದಿಯ, ಸ್ಪ್ರಿಂಗ್ ಮತ್ತು ಡ್ಯಾಂಪರ್ ಕೂಡಿದ ಸ್ಟ್ರಟ್‌ನಲ್ಲಿ ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಹೊಂದಿಸುವ ವಿನ್ಯಾಸ ಒಳ್ಳೆಯದು. ಸ್ಪ್ರಿಂಗ್ ಕಾಲರ್ (ಸ್ಪ್ರಿಂಗ್ ಕೂರುವ, ಥ್ರೆಡ್ ಮೇಲೆ ತಿರುಗುವ ಬಳೆ) ಇಳಿಸಿಯೇ ತಗ್ಗಿಸಿದರೆ ಡ್ಯಾಂಪರಿನ ಚಲನೆ ಕುಗ್ಗಿ, ಪ್ರತಿ ಹಂಪ್‌ನಲ್ಲೂ ಬಂಪ್ ಸ್ಟಾಪಿಗೆ (ಚಲನೆಯ ಕೊನೆಯಲ್ಲಿರುವ ರಬ್ಬರ್ ತಡೆ) ಬಡಿಯುತ್ತದೆ. ಪೋಲೊ ಹಿಂಬದಿಯಲ್ಲಂತೂ ಸ್ಪ್ರಿಂಗ್, ಡ್ಯಾಂಪರ್ ಬೇರೆಬೇರೆ. ಅಲ್ಲಿ ಕಾಲರೇ ಗತಿ. 25 ಮಿಮೀಗಿಂತ ಹೆಚ್ಚು ಇಳಿಸಬೇಡಿ.

ಇಲ್ಲಿನ ನಿಜವಾದ ಶತ್ರು ಉಪ್ಪುಗಾಳಿ. ಸತು ಲೇಪನದ ಥ್ರೆಡ್ ಒಂದೆರಡು ಮಳೆಗಾಲದಲ್ಲೇ ಕಾಲರನ್ನು ಕಚ್ಚಿ ಹಿಡಿಯಬಹುದು. ಸ್ವಲ್ಪ ದುಬಾರಿಯಾದರೂ ಸ್ಟೇನ್‌ಲೆಸ್ ಬಾಡಿ ಇರಲಿ. ಮಳೆಗೆ ಮುನ್ನ ಥ್ರೆಡ್ಡನ್ನು ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಕಚ್ಚದಂತೆ ತಡೆಯುವ ಆ್ಯಂಟಿ-ಸೀಜ್ ಹಚ್ಚಿ.

ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಬೋಲ್ಟುಗಳ ಕೊನೆಯ ಬಿಗಿತ ಚಕ್ರ ನೆಲದಲ್ಲಿದ್ದಾಗಲೇ ಆಗಬೇಕು. ಜಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ. 300–500 ಕಿಮೀ ಓಡಿಸಿ, ಎತ್ತರ ಮತ್ತೆ ಅಳೆದು, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.