ಬ್ಯಾಂಕಾಕ್‌ನಲ್ಲಿ ಸಸ್ಯಾಹಾರ ಸಿಗುತ್ತದೆಯೇ?

ಪ್ರಶ್ನೆ: ಕಾಲೇಜಿನ ಹನ್ನೆರಡು ಜನ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಐವರು ಶುದ್ಧ ಸಸ್ಯಾಹಾರಿಗಳು. ಬೀದಿ ತಿಂಡಿ ತಿನ್ನಬಹುದೇ? ಬೇರೇನು ಗಮನಿಸಬೇಕು?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಧಾರಾಳವಾಗಿ ತಿನ್ನಬಹುದು. ಆದರೆ ‘ಮಾಂಸ ಬೇಡ’ ಎಂದರಷ್ಟೇ ಸಾಲದು. ಹುರಿದ ನೂಡಲ್ಸ್ ಆದ ಪ್ಯಾಡ್ ಥಾಯ್‌ಗೂ ಹಸಿ ಪಪ್ಪಾಯಿಯ ಕೋಸಂಬರಿಯಂಥ ಸೋಮ್ ತಮ್‌ಗೂ ಮೀನಿನ ಸಾಸ್, ಒಣ ಸೀಗಡಿ ಹಾಕುವುದು ವಾಡಿಕೆ; ಮಾಂಸ ಬಿಟ್ಟರೂ ಸಾಸ್ ಬಿದ್ದೇ ಬೀಳುತ್ತದೆ. ‘ಜೇ’ (ಥಾಯ್ ಭಾಷೆಯಲ್ಲಿ ಶುದ್ಧ ಸಸ್ಯಾಹಾರ) ಎಂದು ಕೇಳಿ. ಹಳದಿ ಬಾವುಟದಲ್ಲಿ ಕೆಂಪಕ್ಷರದ ‘ಜೇ’ ಗುರುತಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇರಲಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ತೆಂಗಿನ ಹಾಲಿನ ಅಂಟು ಅನ್ನವನ್ನು ಮಾವಿನ ಹಣ್ಣಿನೊಂದಿಗೆ ಕೊಡುತ್ತಾರೆ, ಅದನ್ನಂತೂ ಬಿಡಬೇಡಿ.

ಗ್ರ್ಯಾಂಡ್ ಪ್ಯಾಲೇಸ್‌ಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಹೊರಗೆ ಯಾರಾದರೂ ‘ಇವತ್ತು ಬಂದ್’ ಎಂದು ಟುಕ್‌ಟುಕ್ (ಅಲ್ಲಿನ ಆಟೊ) ಹತ್ತಿಸಲು ಬಂದರೆ ನಂಬದೆ ನೇರ ಗೇಟಿಗೆ ಹೋಗಿ; ಅಂಥವರು ಕರೆದೊಯ್ಯುವುದು ರತ್ನದಂಗಡಿಗೆ.

ಥಾಯ್ಲೆಂಡ್ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಡಿಜಿಟಲ್ ಆಗಮನ ಕಾರ್ಡನ್ನು ಇಳಿಯುವ ಮುಂಚಿನ 3 ದಿನಗಳೊಳಗೆ ಪ್ರತಿಯೊಬ್ಬರ ಹೆಸರಲ್ಲೂ ತುಂಬಬೇಕು. ಅದು ಉಚಿತ, ಶುಲ್ಕ ಕೇಳಿದರೆ ಅದು ಸರಕಾರಿ ಜಾಲತಾಣವಲ್ಲ. ಹೈದರಾಬಾದಿನಲ್ಲಿ ವಿಮಾನ ಹತ್ತುವಾಗ ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ದೊಡ್ಡ ಬ್ಯಾಗಿನಲ್ಲಿ.